ನಡುವಿನ ಪದ

ಆಗಸ್ಟ್ 3

ಅಕ್ಕಾ,

ಮೊದಲೇ ಹೇಳಿಬಿಡುತ್ತೇನೆ, ನನ್ನ ಕನ್ನಡ ನೋಡಿ ನಗಬೇಡ. ಆರನೇ ವಯಸ್ಸಿನಿಂದ ಹಾಸ್ಟೆಲ್ಲುಗಳಲ್ಲಿ ಇಂಗ್ಲಿಷಿನಲ್ಲೇ ಬೈಸಿಕೊಂಡು ಬೆಳೆದವಳು ನಾನು. ಕನ್ನಡ ಓದುವುದೆಂದರೆ ಈಗಲೂ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಒಂದೊಂದೇ ಅಕ್ಷರ. ಬರೆಯುವುದಂತೂ ಕೇಳಲೇಬೇಡ. ನಿನ್ನ ಸ್ಟೇಷನ್ನಿನಲ್ಲಿ ಮೊಬೈಲ್ ಬ್ಯಾನ್ ಇಲ್ಲದಿದ್ದರೆ ಎರಡು ಲೈನ್ ಮೆಸೇಜ್ ಹಾಕಿ ಮುಗಿಸುತ್ತಿದ್ದೆ. ಆಫೀಸಿನ ಫೋನಿಗೆ ಮಾಡಿದರೆ ಸೂಪರ್‌ವೈಸರ್ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಾರೆ ಎಂದು ನೀನೇ ಹೇಳಿದ್ದೆ.

ವಿಷಯ ಅಮ್ಮನ ಫೋನಿನದು. ಅವಳು ಹೋದ ಮೇಲೆ ಅದನ್ನೇ ನಾನು ಬಳಸುತ್ತಿದ್ದೇನೆ. ಈಗ ಅದಕ್ಕೆ ಹುಚ್ಚು ಹಿಡಿದಿದೆ. ತಾನೇ ಆಫ್ ಆಗಿ ತಾನೇ ಆನ್ ಆಗುತ್ತದೆ. ಹತ್ತು ನಿಮಿಷ ಬದುಕಿ ಮತ್ತೆ ಸಾಯುತ್ತದೆ. ಜೊತೆಗೆ ಕಾಲೇಜಿನ ಅಟೆಂಡೆನ್ಸ್ ಆ್ಯಪ್ ಬೇರೆ, ನಿಮ್ಮ ಫೋನ್ ತುಂಬಾ ಹಳೆಯದು ಎಂದು ಒಳಗೇ ಬಿಟ್ಟುಕೊಳ್ಳುತ್ತಿಲ್ಲ. ಕ್ಲಾಸಿನಲ್ಲಿ ಮುಂದಿನ ಬೆಂಚಿನಲ್ಲೇ ಕೂತಿದ್ದರೂ ನಾನು ಒಂಬತ್ತು ದಿನ ಆಬ್ಸೆಂಟ್. ನನಗೆ ಎಷ್ಟು ಟೆನ್ಷನ್ ಆಗಿದೆಯೆಂದರೆ ಉಗುರು ಮುಗಿದು ಈಗ ಪೆನ್ನಿನ ಮುಚ್ಚಳ ಕಚ್ಚುತ್ತಿದ್ದೇನೆ.

ನನ್ನ ರೂಮಿನಲ್ಲಿ ಒಬ್ಬಳು ಸೀನಿಯರ್ ಇದ್ದಾಳೆ. ತಲೆಯ ನಡುಮಧ್ಯೆ ಕೂದಲು ಕಟ್ಟುವುದರಿಂದ ಎಲ್ಲರೂ ಜುಟ್ಟು ಎನ್ನುತ್ತಾರೆ. ಅವಳು ಹೇಳುವುದು, ಕಂಪನಿ ಕೈಬಿಟ್ಟ ಫೋನುಗಳಿಗೆಂದೇ ಯಾರೋ ಪುಣ್ಯಾತ್ಮರು ಮನೆಯಲ್ಲಿ ಕೂತು ಹೊಸ ಸಾಫ್ಟ್‌ವೇರ್ ಬರೆದು ಪುಕ್ಕಟೆ ಹಂಚುತ್ತಾರಂತೆ. ಅದನ್ನು ಹಾಕಿದರೆ ಫೋನ್ ಇನ್ನೂ ಮೂರು ವರ್ಷ ಬಾಳುತ್ತದೆ. ಅಮ್ಮ ಇದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದಳಲ್ಲ, ಬೇರೆ ಸಾಫ್ಟ್‌ವೇರ್ ಹಾಕದಂತೆ ಕಂಪನಿ ಇಡುವ ಬೀಗವನ್ನು ಆ ಅಂಗಡಿಯವನು ಮೊದಲೇ ತೆಗೆದಿಟ್ಟಿದ್ದಾನೆ, ಹಾಗಾಗಿ ಕೆಲಸ ಸುಲಭ. ಆದರೆ ಹೊಸದು ಹಾಕುವ ಮೊದಲು ಒಳಗಿರುವುದೆಲ್ಲ ಅಳಿಯಬೇಕು. ಅದಕ್ಕೂ ಮೊದಲು ಬ್ಯಾಕಪ್. ಆ್ಯಪ್‌ಗಳ ಒಳಗಿನದು, ಮೆಸೇಜು, ಅಲಾರಂ, ಇವು ಮೆಮೊರಿ ಕಾರ್ಡಿಗೆ ಹೋಗುತ್ತವೆ. ಫೋಟೋ, ರೆಕಾರ್ಡಿಂಗ್ ಮಾತ್ರ ಅದರಲ್ಲಿ ಸೇರುವುದಿಲ್ಲ, ಕೇಬಲ್ ಹಾಕಿ ಕಂಪ್ಯೂಟರಿಗೆ ಎಳೆದುಕೊಳ್ಳಬೇಕು. ಬ್ಯಾಕಪ್ಪನ್ನು ಅದೇ ಫೋನಿನಲ್ಲಿಟ್ಟು ಫೋನ್ ಅಳಿಸಿದ ಜಾಣರೂ ಇದ್ದಾರಂತೆ. "ಬೀಗದ ಕೈ ಒಳಗಿಟ್ಟು ಬಾಗಿಲು ಎಳ್ಕೊಂಡ ಹಾಗೆ," ಎಂದಳು.

ಇನ್ನೊಂದು ವಿಷಯ. ಫೈಲುಗಳನ್ನು ನೋಡುವಾಗ ಒಂದು ರೆಕಾರ್ಡಿಂಗ್ ಸಿಕ್ಕಿತು. ಹೆಸರು "ಗೂಬೆಗೆ". ನಿನ್ನನ್ನು ಗೂಬೆ ಎನ್ನುತ್ತಿದ್ದವಳು ಅವಳೊಬ್ಬಳೇ ತಾನೇ. ನಾಲ್ಕು ನಿಮಿಷ ಹನ್ನೊಂದು ಸೆಕೆಂಡ್ ಇದೆ. ಅವಳು ಹೋಗುವುದಕ್ಕೆ ಆರು ದಿನ ಮೊದಲಿನದು. ನಾನು ಕೇಳಿಲ್ಲ. ಅದನ್ನು ಏನು ಮಾಡಲಿ?

ಜುಟ್ಟು ನಿಮ್ಮಕ್ಕ ಏನು ಮಾಡುತ್ತಾರೆ ಎಂದು ಕೇಳಿದಳು. ಸೈಂಟಿಸ್ಟ್ ಎಂದುಬಿಟ್ಟೆ. ಸಾರಿ.

ನಿನ್ನ ಬಾಲ


ಆಗಸ್ಟ್ 11

ಬಾಲಾ,

ನಿನ್ನ ಕಾಗದ ಗುರುವಾರದ ಜೀಪಿನಲ್ಲಿ ತರಕಾರಿ ಚೀಲಗಳ ಜೊತೆ ಬಂತು. ನಗಲಿಲ್ಲ. ಒಂದೇ ಪುಟದಲ್ಲಿ 'ಫೋನ್' ಎನ್ನುವುದನ್ನು ಮೂರು ಥರ ಬರೆದದ್ದು ಕಂಡಾಗ ಮಾತ್ರ ಸ್ವಲ್ಪ ನಕ್ಕೆ.

ಸೈಂಟಿಸ್ಟ್ ಅಲ್ಲ ತಾಯೀ, ಗ್ರೀಸ್ ಹಚ್ಚುವವಳು. ಇಲ್ಲಿ ಇಪ್ಪತ್ತೆಂಟು ಡಿಶ್‌ಗಳಿವೆ, ಒಂದೊಂದೂ ನಿಮ್ಮ ಕ್ಲಾಸ್‌ರೂಮಿಗಿಂತ ಅಗಲ. ಅವು ಆಕಾಶದ ಕಡೆ ತಿರುಗಬೇಕಾದರೆ ಕೆಳಗಿನ ಹಲ್ಲುಚಕ್ರಗಳು ನುಣ್ಣಗಿರಬೇಕು. ಅದು ನನ್ನ ಪಾಲಿನ ವಿಜ್ಞಾನ. ನಕ್ಷತ್ರಗಳಿಂದ ಬರುವ ರೇಡಿಯೋ ಸದ್ದು ಬಹಳ ಸಣ್ಣದಂತೆ, ಒಂದು ಮೊಬೈಲ್ ಆನ್ ಇದ್ದರೂ ಅದರ ಗಲಾಟೆಯಲ್ಲಿ ಮುಳುಗಿಹೋಗುತ್ತದಂತೆ. ಅದಕ್ಕೇ ಗೇಟಿನಲ್ಲೇ ಕಿತ್ತುಕೊಳ್ಳುತ್ತಾರೆ.

ಫೋನ್ ಇಲ್ಲದ ಜಾಗ ಎಂದೇ ನಾನು ಈ ಕೆಲಸ ಹಿಡಿದದ್ದು. ನಿನಗೆ ಇದನ್ನು ಯಾವತ್ತೂ ಹೇಳಿರಲಿಲ್ಲ. ನಾನು ಮನೆ ಬಿಡುವ ಹಿಂದಿನ ದಿನ ಅಮ್ಮ ಹೊಲಿಗೆ ಮೆಷಿನ್ ನಿಲ್ಲಿಸದೆ, ತಲೆ ಎತ್ತದೆ ಒಂದು ಮಾತು ಅಂದಳು. "ನೀನೊಬ್ಬಳು ಹುಟ್ಟದೇ ಇದ್ದಿದ್ರೆ ನಾನು ಚೆನ್ನಾಗಿರ್ತಿದ್ದೆ." ಮೆಷಿನ್ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೇಳಿದೆ. ಇನ್ನೊಮ್ಮೆ ಅಂದಳು. ಮಾರನೇ ದಿನ ಚೀಲ ತುಂಬಿಕೊಂಡು ಹೊರಟೆ. ಎರಡು ವರ್ಷ ಅವಳ ದನಿ ಕೇಳಲಿಲ್ಲ. ಆಮೇಲೆ ಅವಳು ತೀರಿಕೊಂಡಾಗ ಮೂರು ದಿನ ತಡವಾಗಿ ಬಂದೆ. ಅದು ನಿನಗೆ ಗೊತ್ತು.

ಫೋನಿಗೆ ಏನು ಬೇಕೋ ಮಾಡಿಕೋ. ಆಬ್ಸೆಂಟ್ ಆಗಬೇಡ. ಆ ರೆಕಾರ್ಡಿಂಗ್ ಉಳಿಸು. ಅದರ ಬಗ್ಗೆ ಇನ್ನೇನೂ ಕೇಳಬೇಡ.

ಕಾಗದದ ಮೇಲಿನ ಕಪ್ಪು ಕಲೆಗಳು ಗ್ರೀಸ್. ಸೀಮೆಎಣ್ಣೆ ಹಾಕಿ ತೊಳೆದರೂ ಈ ಬೆರಳುಗಳಿಂದ ಹೋಗುವುದಿಲ್ಲ.

ಅಕ್ಕ


ಆಗಸ್ಟ್ 19

ಅಕ್ಕಾ,

ಆಯಿತು. ಫೋನ್ ಬದುಕಿತು. ನೀನು ಹೇಳಿದ ಹಾಗೆ ಅದೊಂದನ್ನು ಅಳಿಸಿದೆ.

ಕಂಪ್ಯೂಟರ್ ಲ್ಯಾಬಿನಲ್ಲಿ ಮಧ್ಯಾಹ್ನ ಯಾರೂ ಇಲ್ಲದಾಗ ಜುಟ್ಟು ಪಕ್ಕದಲ್ಲಿ ಕೂತು ಮಾಡಿಸಿದಳು. ಮೊದಲು ಕಾರ್ಡಿಗೆ ಬ್ಯಾಕಪ್. ಆಮೇಲೆ ಕೇಬಲ್ ಹಾಕಿ ಫೋಟೋ, ರೆಕಾರ್ಡಿಂಗ್ ಎಲ್ಲ ಒಂದೊಂದಾಗಿ ಕಾಪಿ ಮಾಡಿಕೊಂಡೆ, "ಗೂಬೆಗೆ" ಒಂದನ್ನು ಬಿಟ್ಟು. ಆಮೇಲೆ ಫೋನ್ ಪೂರ್ತಿ ಅಳಿಯಿತು. ಹೊಸದು ಹಾಕಿ ಆನ್ ಮಾಡಿದರೆ ಒಂದು ಚುಕ್ಕಿ ಸುತ್ತುತ್ತಾ ಇಪ್ಪತ್ತು ನಿಮಿಷ ಹಾಗೇ ಕೂತಿತು. ಸತ್ತೇಹೋಯಿತು ಎಂದುಕೊಂಡೆ. "ಮೊದಲ ಸಲ ಹಾಗೇನೇ, ಸುಮ್ನೆ ಕೂತ್ಕೋ, ಹೆರಿಗೆ ವಾರ್ಡಿನ ಹೊರಗೆ ನಿಂತ ಗಂಡನ ಥರ ಆಡ್ಬೇಡ," ಎಂದು ಜುಟ್ಟು ಬೈದಳು. ಕೊನೆಗೆ "ಸ್ವಾಗತ" ಎಂದು ಬಂತು. ಕಾರ್ಡಿನಲ್ಲಿದ್ದದ್ದನ್ನು ವಾಪಸ್ ತುಂಬಿದೆವು.

ಆದರೆ ಒಂದೆರಡು ವಿಷಯ ವಿಚಿತ್ರವಾಗಿವೆ. ಕಾಪಿ ಮಾಡಿದ್ದರಿಂದ ಫೋಟೋಗಳ ಹಳೆಯ ತಾರೀಖುಗಳೆಲ್ಲ ಹೋಗಿವೆ. ಫೋನಿನ ಲೆಕ್ಕದಲ್ಲಿ ಅಮ್ಮ ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ಇನ್ನೂರ ಹದಿನಾರು ಫೋಟೋ ತೆಗೆದಿದ್ದಾಳೆ. ಇವತ್ತು ಎರಡು ಗಂಟೆಗೆ ಡ್ರಾಯಿಂಗ್ ಕ್ಲಾಸಿನಲ್ಲಿ ಫೋನ್ ಕೂಗಿತು. ತೆಗೆದು ನೋಡಿದರೆ ಅಲಾರಂ. "ಬಿಳಿ ಮಾತ್ರೆ, ಊಟ ಆದಮೇಲೆ" ಎಂದು ಬರೆದಿದೆ. ಬ್ಯಾಕಪ್ಪಿನಿಂದ ಎದ್ದು ಬಂದಿದೆ. ಲೆಕ್ಚರರ್ ಆರೋಗ್ಯ ಸರಿ ಇಲ್ಲವೇನಮ್ಮ, ಮಾತ್ರೆ ತೆಗೆದುಕೋ ಎಂದರು. ನಾನು ಬಾಟಲಿಯಿಂದ ಎರಡು ಗುಟುಕು ನೀರು ಕುಡಿದೆ, ಮಾತ್ರೆ ನುಂಗಿದವಳ ಹಾಗೆ. ಅಲಾರಂ ತೆಗೆದುಹಾಕಬೇಕು. ತೆಗೆದಿಲ್ಲ.

ಈಗ ಆ್ಯಪ್ ಒಳಗೆ ಬಿಟ್ಟುಕೊಳ್ಳುತ್ತಿದೆ, ಅಟೆಂಡೆನ್ಸ್ ಬೀಳುತ್ತಿದೆ.

ಬಾಲ


ಆಗಸ್ಟ್ 27

ನಾನು ಬರೆದದ್ದು ಉಳಿಸು. ಉ. ಉಪ್ಪಿನ ಉ, ಉಗುರಿನ ಉ. ಅಳಿಸು ಎಂದು ಎಲ್ಲಿ ಓದಿದೆ?

ಈ ನಾಲ್ಕು ಸಾಲು ಬರೆಯಲು ಮೂರು ಕಾಗದ ಹರಿದುಹಾಕಿದ್ದೇನೆ. ಬೈಯಬಾರದು ಎಂದುಕೊಂಡೇ ಕೂತೆ. ನಿನಗೆ ಕನ್ನಡ ಕಲಿಸದೆ ದೂರದ ಹಾಸ್ಟೆಲ್ಲಿಗೆ ಹಾಕಿದವಳು ಅಮ್ಮ, ಅದು ನಿನ್ನ ತಪ್ಪಲ್ಲ. ಗ್ರೀಸ್ ಕೈಯಲ್ಲಿ ಬರೆದವಳು ನಾನು. ಆದರೂ ಒಂದು ಅಕ್ಷರ, ಬಾಲಾ.

ನೀನು ಅದನ್ನು ಕೇಳಿಯೂ ಇಲ್ಲ ಎಂದಿದ್ದೀಯ. ಹಾಗಾದರೆ ಅದರಲ್ಲಿ ಏನಿತ್ತೆಂದು ಈಗ ಯಾರಿಗೂ ಗೊತ್ತಿಲ್ಲ. ನನಗೆ ತಿಳಿಯಬೇಕಿದ್ದದ್ದು ಒಂದೇ. ಅವತ್ತು ಅಂದದ್ದನ್ನು ಅವಳು ಹಿಂದಕ್ಕೆ ತಗೊಂಡಳೋ ಇಲ್ಲವೋ.

ಅಕ್ಕ


ಸೆಪ್ಟೆಂಬರ್ 2

ಅಕ್ಕಾ,

ಚೆನ್ನಾಗಿದ್ದೀಯಾ? ಹೊತ್ತಿಗೆ ಸರಿಯಾಗಿ ಊಟ ಮಾಡು. ಬಿಸಿಲಿನಲ್ಲಿ ಏಣಿ ಹತ್ತುವಾಗ ತಲೆಗೆ ಬಟ್ಟೆ ಕಟ್ಟಿಕೋ. ನನ್ನ ಚಿಂತೆ ಮಾಡಬೇಡ, ನಾನು ಚೆನ್ನಾಗಿದ್ದೀನಿ.

ನಾನೊಂದು ಸುಳ್ಳು ಹೇಳಿದ್ದೆ. ಆ ರೆಕಾರ್ಡಿಂಗನ್ನು ನಾನು ಕೇಳಿದ್ದೆ. ಒಂದಲ್ಲ, ಹತ್ತಾರು ಸಲ. ಬಾಯಿಪಾಠ ಬರುವಷ್ಟು. ಅದು ನಿನಗೆಂದು ಇದ್ದದ್ದು, ಕದ್ದು ಕೇಳಿದೆ ಎಂದು ಹೇಳಲು ಮನಸ್ಸು ಬರಲಿಲ್ಲ. ಈಗ ನೆನಪಿನಿಂದ ಬರೆಯುತ್ತಿದ್ದೇನೆ. ಅವಳು ಹೇಳಿದ್ದು ಇಷ್ಟು:

"ಗೂಬೆ, ಕ್ಷಮಿಸು. ನಾನು ಅಂದಿದ್ದು ಮನಸ್ಸಿನಿಂದ ಅಲ್ಲ. ನೀನು ಚೆನ್ನಾಗಿದ್ದೀಯಾ? ಅಲ್ಲಿ ಚಳಿ ಜಾಸ್ತಿನಾ? ನಾನು ಚೆನ್ನಾಗಿದ್ದೀನಿ, ನನ್ನ ಚಿಂತೆ ಮಾಡಬೇಡ. ಬಾಲಂಗೆ ಪರೀಕ್ಷೆ ಮುಗಿಯೋವರೆಗೂ ಏನೂ ಹೇಳಬೇಡ. ನೀನು ಹುಟ್ಟಿದ ದಿನ ನಾನು ತುಂಬಾ ನಕ್ಕಿದ್ದೆ. ನೀನು ಬಾ ಅಂತ ನಾನು ಹೇಳಲ್ಲ. ನೀನು ಬಂದರೆ ಬಾಗಿಲು ತೆಗೆದೇ ಇರುತ್ತೆ. ಗೂಬೆ, ಕ್ಷಮಿಸು."

ಇಷ್ಟೇ. ಹಿಂದಕ್ಕೆ ತಗೊಂಡಿದ್ದಾಳೆ ಅಕ್ಕಾ. ಇನ್ನು ಸಮಾಧಾನ ಮಾಡಿಕೋ. ಮೈ ಹುಷಾರು.

ಬಾಲ


ಸೆಪ್ಟೆಂಬರ್ 10

ಬಾಲಾ,

ಹದಿನೇಳನೇ ಡಿಶ್‌ನ ಏಣಿಯ ಮೇಲೆ ಕೂತು ಓದಿದೆ. ಕೆಳಗಿನಿಂದ ಸೂಪರ್‌ವೈಸರ್ ಏನಮ್ಮಾ ಬೋಲ್ಟು ಸಿಕ್ಕಿಕೊಂಡಿತೇ ಎಂದು ಕೂಗುವವರೆಗೂ ಅಲ್ಲೇ ಇದ್ದೆ. ಹೌದು ಸಾರ್, ಬರುತ್ತಿಲ್ಲ ಎಂದೆ. ಕಾಗದವನ್ನು ಮೇಲಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ಮೂರು ದಿನ ಓಡಾಡಿದೆ. ಎರಡು ವರ್ಷದಲ್ಲಿ ಅಷ್ಟು ಹಗುರವಾಗಿ ಇದ್ದದ್ದಿಲ್ಲ.

ನಾಲ್ಕನೇ ದಿನ ಮತ್ತೆ ಓದಿದೆ. ಒಂದು ಪದದ ಹತ್ತಿರ ನಿಂತುಬಿಟ್ಟೆ.

ಕ್ಷಮಿಸು.

ನಮ್ಮ ಮನೆಯಲ್ಲಿ ಯಾರಾದರೂ ಬಾಯಿಬಿಟ್ಟು ಕ್ಷಮಿಸು ಎಂದದ್ದು ಕೇಳಿದ್ದೀಯಾ? ಅದು ಬರೆಯುವ ಮಾತು. ಅಮ್ಮ ಹೆಚ್ಚೆಂದರೆ ತಪ್ಪಾಯ್ತು ಬಿಡು ಎನ್ನುತ್ತಿದ್ದಳು, ಅದೂ ಮುಖ ಆ ಕಡೆ ತಿರುಗಿಸಿ. ಮಾತಾಡುವಾಗ ನಾಲಿಗೆಗೆ ಆ ಪದ ಬರುವುದೇ ಇಲ್ಲ. ಅಮ್ಮನಿಗಂತೂ ಸಾಧ್ಯವೇ ಇಲ್ಲ. "ಮನಸ್ಸಿನಿಂದ ಅಲ್ಲ" ಎನ್ನುವುದೂ ಹಾಗೇ.

ಆದರೆ ನೀನು ಕಟ್ಟಿದ ಕಥೆ ಎನ್ನೋಣವೆಂದರೆ, ನಾನು ಹುಟ್ಟಿದ ದಿನ ಅವಳು ನಕ್ಕ ವಿಷಯ ನಿನಗೆ ಗೊತ್ತಿರಲು ಸಾಧ್ಯವಿಲ್ಲ. ಸೂಲಗಿತ್ತಿ ಗೂಬೆ ಕಣ್ಣಿನ ಕೂಸು ಎಂದಳಂತೆ, ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳಂತೆ. ಅದನ್ನು ಅವಳು ನನಗೊಬ್ಬಳಿಗೇ ಹೇಳಿದ್ದಳು.

ಇನ್ನೊಂದು. ಮೊದಲ ಕಾಗದದಲ್ಲಿ ನಿನ್ನ ಕನ್ನಡ ಮೂರು ಕಾಲಿನ ಮೇಜಿನ ಹಾಗಿತ್ತು. ಈ ಕಾಗದದಲ್ಲಿ ಒಂದು ತಪ್ಪಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು, ಮೈ ಹುಷಾರು ಎಂದು ನೀನು ಯಾವತ್ತು ನನಗೆ ಹೇಳಿದ್ದೆ? ಅಕ್ಷರ ನಿನ್ನದೇ. ಬರೆಯುತ್ತಿರುವುದು ಯಾರು?

ಅಕ್ಕ


ಸೆಪ್ಟೆಂಬರ್ 16

ಅಕ್ಕಾ,

ಈ ಕಾಗದ ಪೂರ್ತಿ ಕೈಯಲ್ಲೇ ಬರೆಯುತ್ತಿದ್ದೇನೆ. ತಪ್ಪು ಇರುತ್ತವೆ. ಇರಲಿ.

ಫೋನ್ ಸರಿಯಾದ ಮೇಲೆ ನಾನು ನಿನಗೆ ಕಾಗದ ಬರೆಯುವಾಗ ಮೊದಲು ಅದರಲ್ಲಿ ಟೈಪ್ ಮಾಡಿ, ಆಮೇಲೆ ನೋಡಿಕೊಂಡು ಪೇಪರಿಗೆ ಇಳಿಸುತ್ತಿದ್ದೆ. ಕೀಬೋರ್ಡಿನ ಮೇಲ್ಗಡೆ ಮೂರು ಪದ ಬರುತ್ತವೆ. ಮುಂದೆ ನೀನು ಇದನ್ನೇ ಬರೆಯಬಹುದು ಎಂದು ಅದು ಊಹಿಸುವ ಪದಗಳು. ಅತಿ ಹೆಚ್ಚು ಸಲ ಬರೆದದ್ದು ನಡುವೆ ಬರುತ್ತದೆ. ಆ ಬ್ಯಾಕಪ್ಪಿನಲ್ಲಿ ಕೀಬೋರ್ಡ್ ಕಲಿತದ್ದೂ ಸೇರಿ ವಾಪಸ್ ಬಂದಿದೆ. ಅದು ಕಲಿತದ್ದು ಅಮ್ಮನಿಂದ, ನಾನು ಅಲ್ಲಿಯವರೆಗೆ ಇಂಗ್ಲಿಷಿನಲ್ಲೇ ಒತ್ತುತ್ತಿದ್ದೆ. ನಾನು "ಹೊತ್ತಿಗೆ" ಎಂದರೆ ಅದು "ಸರಿಯಾಗಿ" ಎನ್ನುತ್ತದೆ, ಒತ್ತಿದರೆ "ಊಟ", ಒತ್ತಿದರೆ "ಮಾಡು". ಸ್ಪೆಲಿಂಗ್ ಸರಿ ಇರುತ್ತದಲ್ಲ ಎಂದು ಒತ್ತುತ್ತಾ ಹೋದೆ. ನನಗೆ ಅದು ಹೆಲ್ಪ್ ಅನ್ನಿಸಿತ್ತು.

ನಿನ್ನ ಉಪ್ಪಿನ ಉ ಕಾಗದ ಬಂದ ದಿನ ಏನು ಉತ್ತರ ಬರೆಯುವುದೆಂದು ತೋಚದೆ "ಗೂ" ಎಂದು ಒತ್ತಿದೆ. ನಡುವೆ "ಗೂಬೆ" ಬಂತು. ಅದನ್ನು ಒತ್ತಿದೆ. "ಕ್ಷಮಿಸು" ಬಂತು. ಆಮೇಲೆ ನಾನೇನೂ ಬರೆಯಲಿಲ್ಲ ಅಕ್ಕಾ. ನಡುವಿನ ಪದವನ್ನೇ ಒತ್ತುತ್ತಾ ಹೋದೆ, ಅದು ತಾನೇ ಹೇಳುತ್ತಾ ಹೋಯಿತು. ಒಮ್ಮೊಮ್ಮೆ ಹೇಳಿದ್ದನ್ನೇ ಸುತ್ತಿ ಸುತ್ತಿ ಹೇಳುತ್ತಿತ್ತು, ಅಲ್ಲಿ ಮಾತ್ರ ನಿಲ್ಲಿಸಿ ಪಕ್ಕದ ಪದ ಒತ್ತಿದೆ. ಕಾಮಾ, ಫುಲ್‌ಸ್ಟಾಪು ಅಷ್ಟೇ ನನ್ನದು.

ಆಮೇಲೆ ಮೆಸೇಜುಗಳಲ್ಲಿ ಹುಡುಕಿದೆ. ನಿನ್ನ ಹಳೆಯ ನಂಬರಿಗೆ ಅವಳು ಕಳಿಸಿದ್ದು ಒಂದೂ ಇಲ್ಲ. ಎಷ್ಟು ಸಲ ಬರೆದು ಎಷ್ಟು ಸಲ ಅಳಿಸಿದರೆ ಕೀಬೋರ್ಡ್ ಅಷ್ಟು ಚೆನ್ನಾಗಿ ಕಲಿಯುತ್ತದೆ ಎಂದು ಜುಟ್ಟುವನ್ನು ಕೇಳಿದೆ. ತುಂಬಾ ಸಲ ಎಂದಳು.

ಈಗ ರೆಕಾರ್ಡಿಂಗ್. ಕೇಳಿದ್ದೆ ಎಂದದ್ದು ನಿಜ. ಅದರಲ್ಲಿ ಈ ಮಾತುಗಳು ಯಾವುವೂ ಇರಲಿಲ್ಲ. ಅದರಲ್ಲಿ ಏನೂ ಇರಲಿಲ್ಲ. ಫ್ಯಾನ್ ಟಕ್ ಟಕ್ ಎನ್ನುತ್ತದೆ. ಕುರ್ಚಿ ಕಿರುಗುಡುತ್ತದೆ. ಒಮ್ಮೆ "ಹ್ಞೂಂ" ಎಂದು ಗಂಟಲು ಸರಿ ಮಾಡಿಕೊಳ್ಳುತ್ತಾಳೆ, ಶುರು ಮಾಡುವವಳ ಹಾಗೆ. ಶುರು ಮಾಡುವುದಿಲ್ಲ. ಎರಡು ಸಲ ಕೆಮ್ಮು. ಕೊನೆಗೆ ಪಕ್ಕದ ಮನೆ ಅಜ್ಜಿ ಬಂದು "ಯಾರ ಹತ್ರ ಮಾತಾಡ್ತಿದೀಯೇ?" ಎನ್ನುತ್ತಾರೆ. ಅಮ್ಮ "ಯಾರೂ ಇಲ್ಲ ಬಿಡಿ" ಎನ್ನುತ್ತಾಳೆ. ಅಲ್ಲಿಗೆ ಮುಗಿಯಿತು.

ನಿನ್ನ ಹೆಸರಿಟ್ಟ ಫೈಲಿನಲ್ಲಿ ಅವಳು "ಯಾರೂ ಇಲ್ಲ" ಎಂದದ್ದು ನೀನು ಕೇಳಬಾರದು ಎಂದು ನನಗಿತ್ತು. ನಿನ್ನ ಕಾಗದದಲ್ಲಿ ಆ ಪದದ ಮೇಲೇ ಗ್ರೀಸ್ ಇತ್ತು. ನಾನು ಅಳಿಸು ಎಂದು ಓದಿದೆ. ನಿಜವಾಗಿ ಹಾಗೇ ಓದಿದೆ. ಆದರೆ ಬೇರೆಯದನ್ನೆಲ್ಲ ಎರಡೆರಡು ಸಲ ಓದುವವಳು ಅದೊಂದನ್ನು ಎರಡನೇ ಸಲ ಓದಲಿಲ್ಲ. ಓದಿದರೆ ಉ ಎಂದು ಕಂಡುಬಿಡಬಹುದು ಎಂಬ ಭಯ. ನನ್ನ ತಪ್ಪು ಅದು.

ಇನ್ನೊಂದು ಹೇಳಬೇಕು. ನಾನು ಅದರಲ್ಲಿ ಬರೆದಷ್ಟೂ ಕೀಬೋರ್ಡ್ ನನ್ನನ್ನು ಕಲಿಯುತ್ತಿದೆ. ಈ ವಾರವೆಲ್ಲ ಜುಟ್ಟುವಿಗೆ ನಿನ್ನ ವಿಷಯ ಕನ್ನಡದಲ್ಲೇ ಮೆಸೇಜ್ ಮಾಡುತ್ತಿದ್ದೆ, ಗೂಬೆ ಅಕ್ಕ ಹೀಗೆ, ಗೂಬೆ ಅಕ್ಕ ಹಾಗೆ ಎಂದು. ನಿನ್ನೆ "ಗೂಬೆ" ಎಂದು ಒತ್ತಿದರೆ ನಡುವೆ ಬಂದದ್ದು "ಅಕ್ಕ". ಅಮ್ಮ ನಿನ್ನನ್ನು ಯಾಕೆ ಅಕ್ಕ ಎನ್ನುತ್ತಾಳೆ? ಅದು ನಾನು. "ಕ್ಷಮಿಸು" ಬಲಗಡೆಗೆ ಸರಿದಿದೆ. ಇನ್ನು ಎಷ್ಟು ದಿನವಿರುತ್ತದೋ ಗೊತ್ತಿಲ್ಲ. ತಕ್ಷಣ ಫೋನ್ ಆಫ್ ಮಾಡಿ ಕಾಲುಚೀಲದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟೆ. ಇವತ್ತಿನಿಂದ ಮತ್ತೆ ಆಬ್ಸೆಂಟ್. ಪರವಾಗಿಲ್ಲ.

ನನ್ನ ಮೇಲೆ ಕೋಪ ಮಾಡಿಕೋ. ಆದರೆ ಬರೆಯುವುದನ್ನು ನಿಲ್ಲಿಸಬೇಡ.

ಬಾಲ


ಸೆಪ್ಟೆಂಬರ್ 24

ಬಾಲಾ,

ಹದಿನಾಲ್ಕು ತಪ್ಪು ಇವೆ. ಎಣಿಸಿದೆ. ಅದನ್ನು ಓದಿ ನನ್ನ ತಂಗಿ ವಾಪಸ್ ಬಂದಳು ಎನ್ನಿಸಿತು.

ಕೋಪ ಬಂದಿತ್ತು, ಇಲ್ಲ ಎನ್ನುವುದಿಲ್ಲ. ಎರಡು ದಿನ ನಿನ್ನ ಕಾಗದವನ್ನು ಹಾಸಿಗೆಯ ಕೆಳಗೆ ತಳ್ಳಿಟ್ಟಿದ್ದೆ. ಮೂರನೇ ದಿನ ಗ್ರೀಸ್ ಡಬ್ಬಿ ಹಿಡಿದುಕೊಂಡು ಮೇಲೆ ಕೂತಾಗ ಒಂದು ವಿಷಯ ಹೊಳೆಯಿತು. ಏನೂ ಇರಲಿಲ್ಲ ಎಂದು ಬರೆದಿದ್ದೀಯ. ನೀನು ಸಣ್ಣವಳು, ನಿನಗೆ ಹಾಗೆ ಕೇಳಿಸಿರಬಹುದು. ನಾಲ್ಕು ನಿಮಿಷ ಅಮ್ಮ ನನ್ನ ಹೆಸರು ಹಿಡಿದು ಸುಮ್ಮನೆ ಕೂತಿದ್ದಳು. ಹುಟ್ಟಿದಾಗಿನಿಂದ ನನ್ನ ಮುಂದೆ ಅವಳು ಅಷ್ಟು ಹೊತ್ತು ಬೈಯದೆ ಕೂತದ್ದು ಅದೊಂದೇ ಸಲ. ಇನ್ನು "ಯಾರೂ ಇಲ್ಲ ಬಿಡಿ" ಎಂದದ್ದು. ಆ ಅಜ್ಜಿಗೆ ಒಂದು ಮಾತು ಸಿಕ್ಕರೆ ಸಂಜೆಯೊಳಗೆ ಬೀದಿಗೆಲ್ಲ ಹಂಚುತ್ತಿದ್ದರು. ಅವರಿಗೆ ಇನ್ನೇನು ಹೇಳಬೇಕಿತ್ತು? ನನ್ನನ್ನು ಮುಚ್ಚಿಟ್ಟುಕೊಂಡಳು, ಅಷ್ಟೇ. ಹಾಗೆಂದು ನಾನು ಅಂದುಕೊಂಡಿದ್ದೇನೆ. ತಪ್ಪೂ ಇರಬಹುದು.

ಆ ಫ್ಯಾನಿನ ಸದ್ದಾದರೂ ನನಗೆ ಬೇಕಿತ್ತು ಬಾಲಾ. ಅದನ್ನು ನೀನು ಕಳೆದೆ. ಇದನ್ನೊಂದು ಸಲ ಹೇಳಿದ್ದೇನೆ, ಇನ್ನು ಹೇಳುವುದಿಲ್ಲ.

ಕೆಲಸಕ್ಕೆ ಸೇರಿದಾಗಿನಿಂದ ಅಮ್ಮ ಹೋದಾಗ ಬಂದದ್ದು ಬಿಟ್ಟರೆ ರಜೆ ಕೇಳಿದವಳಲ್ಲ. ನಿನ್ನೆ ಕೇಳಿದೆ. ಸೂಪರ್‌ವೈಸರ್ ಕನ್ನಡಕ ತೆಗೆದು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಐದು ದಿನ ಕೊಟ್ಟರು. ಮುಂದಿನ ವಾರ ಗುರುವಾರದ ಜೀಪಿನಲ್ಲಿ ಹೊರಡುತ್ತೇನೆ, ಶನಿವಾರ ಬೆಳಿಗ್ಗೆ ನಿಮ್ಮ ಹಾಸ್ಟೆಲ್ಲಿನ ಗೇಟಿನಲ್ಲಿರುತ್ತೇನೆ. ಜುಟ್ಟುವಿಗೆ ಸೈಂಟಿಸ್ಟ್ ಬರುತ್ತಿಲ್ಲ ಎಂದು ಮೊದಲೇ ಹೇಳಿಡು. ನಿನಗೆ ಒಂದು ಬೇರೆ ಫೋನ್ ನೋಡೋಣ, ಆಬ್ಸೆಂಟ್ ಆದದ್ದು ಸಾಕು.

ಅಲ್ಲಿಯವರೆಗೆ ಅದನ್ನು ಆನ್ ಮಾಡಬೇಡ. ನೋಡಲಿಕ್ಕೂ ಬೇಡ. ನಾನೇ ಆನ್ ಮಾಡುತ್ತೇನೆ. ನನ್ನ ಕೈಯಿಂದಲೇ ಒಂದು ಸಲ ಗೂಬೆ ಎಂದು ಒತ್ತಿ ನೋಡುತ್ತೇನೆ. ನಡುವೆ ಇಲ್ಲದಿದ್ದರೆ ಬಲಕ್ಕಿದ್ದರೂ ಸಾಕು. ಆಮೇಲೆ ನೀನು ಸ್ವಲ್ಪ ಹೊತ್ತು ಹೊರಗೆ ಹೋಗಿ ಜುಟ್ಟುವಿನ ಜೊತೆ ಕೂತಿರು. ನಾನು ಅದರಲ್ಲಿ ಬರೆಯಬೇಕು. ಎರಡು ವರ್ಷದ ಉತ್ತರ ಬಾಕಿ ಇದೆ, ಬೇಗ ಮುಗಿಯುವುದಿಲ್ಲ. ಬರೆದಷ್ಟೂ ಅವಳ ಪದಗಳು ಸರಿಯುತ್ತಾ ಹೋಗುತ್ತವೆ ಎಂದು ನೀನು ಹೇಳಿದ್ದು ನೆನಪಿದೆ.

ಹೋಗಲಿ ಬಿಡು. ನನ್ನ ಉತ್ತರ ಕೇಳಿಸಿಕೊಂಡು ಹೋಗಲಿ.

ಅಕ್ಕ